ಧ್ಯಾನ ಸಾಲ ತೀರಸಲ್ಲ, ಆದ್ರೂ ದಿನಾ ಹತ್ತು ನಿಮಿಷ ಕುಂದ್ರಬೇಕು

ಈ ಸಲ ತೊಗರಿ ಬಗ್ಗೆ ಅಲ್ಲ, ತೊಗರಿ ಬೆಳಿಯೋರ ತಲಿ ಬಗ್ಗೆ ಬರೀಲಕತ್ತೀನಿ. ಸ್ವಲ್ಪ ಉದ್ದ ಅದ. ಸಂಜಿಗೆ ಕೆಲಸ ಮುಗದ ಮ್ಯಾಲ ಸಮಾಧಾನದಿಂದ ಓದ್ರಿ.

ಈಗ ಫೋನ್ ತಗದ್ರ ಸಾಕು, ಧ್ಯಾನ ಮಾಡ್ರಿ ಅಂತ ಹೇಳೋರೇ ಹೇಳೋರು. ವಿಶ್ವಸಂಸ್ಥೆ 2024ರಲ್ಲಿ ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನ ಎಂದು ಘೋಷಿಸಿತು. ಡಿಸೆಂಬರ್ 21 ಅಂದ್ರ ನಮ್ಮ ಕಡೆ ಎಂಥಾ ಹೊತ್ತು ನೋಡ್ರಿ. ತೊಗರಿ ಕಾಯಿ ಒಣಗಿ ನಿಂತಿರ್ತದ, ಕೊಯ್ಯೋ ಆಳು ಸಿಗಲ್ಲ, ರಾಶಿ ಮಷೀನಿನವನು ಫೋನ್ ಎತ್ತಲ್ಲ. ಆ ದಿನ ಕಣ್ಣು ಮುಚ್ಚಿ ಕುಂದ್ರು ಅಂದ್ರ ಯಾರಿಗಾದ್ರೂ ನಗು ಬರ್ತದ.

ಹಿಂಗಾಗಿ ನಮ್ಮ ಕಿಣ್ಣಿ ಸುಲ್ತಾನದಾಗ ಆಗಲಿ, ಆಜುಬಾಜು ಹಳ್ಳ್ಯಾಗ ಆಗಲಿ, ಧ್ಯಾನದ ಮಾತು ಬಂದ್ರ ಮಂದಿ ಎರಡು ಪಾರ್ಟಿ ಆಗ್ತಾರ. ಒಂದು ಪಾರ್ಟಿ, "ಅದು ಹೊಟ್ಟಿ ತುಂಬಿದವರ ಕೆಲಸ, ನಮಗ್ಯಾಕ" ಅಂತದ. ಇನ್ನೊಂದು ಪಾರ್ಟಿ, "ಧ್ಯಾನ ಮಾಡಿದ್ರ ಶುಗರ್ ಹೋಗ್ತದ, ಬಿಪಿ ಹೋಗ್ತದ, ಎಲ್ಲಾ ಕಷ್ಟ ತಾನೇ ಹೋಗ್ತದ" ಅಂತದ. ನನ್ನ ವಿಚಾರ ಎರಡಕ್ಕೂ ಒಪ್ಪಲ್ಲ. ಧ್ಯಾನ ಸಾಲ ತೀರಸಲ್ಲ, ಬೆಲಿ ಏರಸಲ್ಲ, ಮಳಿ ತಡಿಯಲ್ಲ. ಆದ್ರ ಚಿಂತಿ ತಲಿಗೇರಿದಾಗ ಕೈ ದುಡುಕೋದನ್ನ ಒಂದಿಷ್ಟು ತಡೀತದ. ಹೊಲಕ್ಕ ಒಡ್ಡು ಹಾಕ್ದಂಗ. ಒಡ್ಡು ಹಾಕಿದ್ರ ಮಳಿ ನಿಲ್ಲಲ್ಲ, ಮಣ್ಣು ಕೊಚ್ಚಿ ಹೋಗೋದು ಕಮ್ಮಿ ಆಗ್ತದ. ಅಷ್ಟಕ್ಕ ದಿನಾ ಹತ್ತು ನಿಮಿಷ ಕೊಟ್ರ ಲುಕ್ಸಾನ ಇಲ್ಲ ಅಂತ ನನ್ನ ಮಾತು.

ರಾತ್ರಿ ಎರಡು ಗಂಟೆಯ ಲೆಕ್ಕ

ನಮ್ಮ ತಾಪತ್ರಯ ಯಾರಿಗೂ ಹೊಸಾದಲ್ಲ. 2022ರ ಹಂಗಾಮಿನ್ಯಾಗ ಕಾಯಿ ಹಿಡದ ತೊಗರಿ ನೆಟಿ ರೋಗ ಬಡದು ನಿಂತಲ್ಲೇ ಒಣಗಿತು. 2025ರ ಆಗಸ್ಟ್-ಸೆಪ್ಟೆಂಬರ್ ಮಳಿಗೆ ಹೆಸರು, ಉದ್ದು ರಾಶಿ ಮಾಡೋದ್ರೊಳಗ ಕೆಟ್ಟು ಹೋಯ್ತು, ತೊಗರಿ ನೀರಾಗ ನಿಂತಿತು, ಅಫಜಲಪುರ-ಜೇವರ್ಗಿ ಕಡೆ ಭೀಮಾ ಹೊಳಿ ಹೊಲಕ್ಕ ನುಗ್ಗಿತು. 2025-26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ ಅಂತ ಕಾಗದದಾಗ ಅದ. ಖರೀದಿ ಕೇಂದ್ರ ತೆರಿಯೋ ತನಕ ಚೀಲ ಮನಿಯಾಗ ಇಟಗೊಂಡು ಕುಂದ್ರೋ ತಾಕತ್ತು ಎಷ್ಟು ಮಂದಿಗದ?

ಇಂಥಾದ್ರಾಗ ರಾತ್ರಿ ಎರಡಕ್ಕ ಎಚ್ಚರ ಆಗ್ತದ. ಮಕ್ಕೊಂಡಲ್ಲೇ ಲೆಕ್ಕ ಶುರು. ಸೊಸೈಟಿ ಸಾಲ ಇಷ್ಟು, ಅಡತಿ ಅಂಗಡಿ ಉದ್ರಿ ಇಷ್ಟು, ಮಗಳ ಕಾಲೇಜಿನ ಫೀಸು ಇಷ್ಟು, ಬೋರಿನ ಮೋಟಾರು ಸುಟ್ಟದ್ದು ಬ್ಯಾರೆ. ನಾಕು ಸಲ ಕೂಡಿಸಿದ್ರೂ ಒಂದು ರೂಪಾಯಿ ಕಮ್ಮಿ ಆಗಲ್ಲ, ನಿದ್ದಿ ಅಷ್ಟೇ ಕಮ್ಮಿ ಆಗ್ತದ. ಹಂಗ ಎದ್ದವನ ಕೈಯಾಗ ಮರುದಿನ ತಾಳ್ಮಿ ಇರಲ್ಲ. ಎರಡು ಕೀಡಿ ಕಂಡ ಕೂಡ್ಲೆ ಡಬಲ್ ಡೋಸ್ ಎಣ್ಣಿ ಹೊಡೀತಾನ. ಗಂಜಿನ್ಯಾಗ ಮೊದಲ ಹೇಳಿದ ರೇಟಿಗೆ ಚೀಲ ಇಳಿಸಿ ಬರ್ತಾನ. ಬದುವಿನ ಒಂದು ಗೇಣು ಜಾಗಕ್ಕ ತಮ್ಮನ ಜೊತಿ ಕೋರ್ಟಿನ ತನಕ ಹೋಗ್ತಾನ. ಮನಿಗೆ ಬಂದು ಹೆಂಡ್ತಿ-ಮಕ್ಕಳ ಮ್ಯಾಲ ಹಾಯ್ತಾನ. ಇದ್ರಾಗ ಎಷ್ಟೋ ಕೆಲಸ ಒಂದೆರಡು ನಿಮಿಷ ತಡದ್ರ ಆಗ್ತಿದ್ದಿಲ್ಲ.

ಆ ಎರಡು ನಿಮಿಷ ಬೇಕಾದಾಗ ತಾನೇ ಬರಲ್ಲ, ಮೊದಲೇ ರೂಢಿ ಆಗಿರಬೇಕು.

ಧ್ಯಾನ ಅಂದ್ರ ಮಾಡೋದೇನು?

ಮನಸ್ಸು ಖಾಲಿ ಮಾಡೋದೇ ಧ್ಯಾನ ಅಂತ ಭಾಳ ಮಂದಿ ತಿಳಕೊಂಡಾರ. ಕುಂತ ಎರಡು ನಿಮಿಷಕ್ಕ ನೂರು ವಿಚಾರ ಬರ್ತಾವ, "ಇದು ನನ್ನ ಕೈಲಿ ಆಗಲ್ಲ" ಅಂತ ಎದ್ದು ಬಿಡ್ತಾರ. ವಿಚಾರ ಎಲ್ಲಾರಿಗೂ ಬರ್ತಾವ, ಮೂವತ್ತು ವರ್ಷ ಮಾಡಿದವರಿಗೂ ಬರ್ತಾವ.

ಕೆಲಸ ಇಷ್ಟೇ: ಮನಸ್ಸನ್ನ ಒಂದು ಕಡೆ ಇಡೋದು. ಅದು ಓಡಿ ಹೋಗ್ತದ. ಓಡಿ ಹೋದದ್ದು ಗೊತ್ತಾದ ಕೂಡ್ಲೆ, ಬೈಯದೆ, ವಾಪಸ್ ತರೋದು. ಹೊಸಾ ಎತ್ತು ಹೂಡಿ ಎಡಿ ಹೊಡಿವಾಗ ಅದು ಸಾಲು ಬಿಟ್ಟು ಬೆಳಿಗೆ ಬಾಯಿ ಹಾಕ್ತದ. ಅದಕ್ಕಂತ ಯಾರೂ ಎತ್ತು ಮಾರಲ್ಲ, ಹಗ್ಗ ಜಗ್ಗಿ ಸಾಲಿಗೆ ತರ್ತೀವಿ. ಮೊದಲ ದಿನ ನೂರು ಸಲ, ತಿಂಗಳ ಮ್ಯಾಲ ಹತ್ತು ಸಲ. ಮನಸ್ಸೂ ಹಂಗೇ. ಓಡಿ ಹೋತು ಅಂದ್ರ ಧ್ಯಾನ ಕೆಟ್ಟಿತು ಅಂತಲ್ಲ, ವಾಪಸ್ ತಂದ ಪ್ರತಿ ಸಲ ಒಂದು ಸಾಲು ಎಡಿ ಹೊಡದಂಗ.

"ನಮ್ಮ ದುಡಿಮಿನೇ ಧ್ಯಾನ, ಬ್ಯಾರೆ ಯಾಕ ಬೇಕು" ಅಂತ ಹಿರಿಯರು ಹೇಳ್ತಾರ. ಕೂರಿಗಿ ಬಟ್ಟಲದಾಗ ಬೀಜ ಬಿಡೋ ಹೆಣ್ಮಗಳ ಕೈ ನೋಡಿದವರಿಗೆ ಆ ಮಾತು ಖರೆ ಅಂತ ಗೊತ್ತು. ಎತ್ತಿನ ಹೆಜ್ಜಿಗೆ ಕೈ ನಡೀತಿತ್ತು, ಕಾಳು ಹೆಚ್ಚು-ಕಮ್ಮಿ ಬೀಳ್ತಿದ್ದಿಲ್ಲ. ಆದ್ರ ಈಗ ಟ್ರ್ಯಾಕ್ಟರ್ ಮ್ಯಾಲ ಕುಂತವನ ಕಿವಿಯಾಗ ಇಯರ್‌ಫೋನ್, ತಲಿಯಾಗ ಗಂಜಿನ ರೇಟು. ಮೈ ಹೊಲದಾಗ, ಜೀವ ಬ್ಯಾರೆ ಕಡೆ. ದುಡಿಮಿ ಧ್ಯಾನ ಆಗ್ಬೇಕಂದ್ರ ಮನಸ್ಸೂ ಕೈ ಜೊತಿ ಇರಬೇಕು. ಅದನ್ನ ಕಲೀಲಿಕ್ಕೇ ದಿನದಾಗ ಹತ್ತು ನಿಮಿಷ ಬ್ಯಾರೆ ತಗೀಬೇಕು ಅಂತೀನಿ.

ಲಾಭ ಎಷ್ಟು ಅದ, ಎಷ್ಟಿಲ್ಲ

ಅಮೆರಿಕಾದ ಹಾರ್ವರ್ಡ್ ವಿಶ್ವವಿದ್ಯಾಲಯದ ವೈದ್ಯ ಹರ್ಬರ್ಟ್ ಬೆನ್ಸನ್ 1970ರ ದಶಕದಲ್ಲಿ ಧ್ಯಾನಕ್ಕೆ ಕುಳಿತವರ ಎದೆಬಡಿತ, ಉಸಿರು, ಆಮ್ಲಜನಕದ ಬಳಕೆ ಅಳೆದು ನೋಡಿದರು. ಅವೆಲ್ಲ ಇಳಿಯುತ್ತಿದ್ದವು. ಹಾವು ಕಂಡಾಗ ಮೈ ಹೆಂಗ ಓಡ್ಲಿಕ್ಕೆ ತಯಾರಾಗ್ತದೋ, ಅದರ ಉಲ್ಟಾ ಸ್ಥಿತಿ ಇದು. ತೊಂದ್ರಿ ಏನಂದ್ರ, ಸಾಲದ ನೋಟಿಸ್ ಕಂಡ್ರೂ ನಮ್ಮ ಮೈ ಹಾವು ಕಂಡಂಗೇ ಮಾಡ್ತದ. ಹಾವು ಹೋಗ್ತದ, ನೋಟಿಸ್ ಹೋಗಲ್ಲ, ಎದಿ ಡವಡವ ತಿಂಗಳುಗಟ್ಟಲೆ ನಿಲ್ಲಲ್ಲ. ನಿಧಾನಕ್ಕೆ ಉಸಿರು ಹೊರಗ ಬಿಡುವಾಗ ಎದಿಬಡಿತ ತಾನೇ ಸ್ವಲ್ಪ ಇಳೀತದ. ಕೈ ಎದಿ ಮ್ಯಾಲ ಇಟ್ಟು ಈಗಲೇ ನೋಡಬಹುದು.

1979ರಲ್ಲಿ ಅಮೆರಿಕಾದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್-ಝಿನ್ ಅನ್ನೋರು ವರ್ಷಗಟ್ಟಲೆ ನೋವು ತಿನ್ನುತ್ತಿದ್ದ ರೋಗಿಗಳಿಗೆ ದೇವರು-ಧರ್ಮದ ಮಾತಿಲ್ಲದೆ ಬರೀ ಉಸಿರು, ಮೈ ಗಮನಿಸುವ ಎಂಟು ವಾರದ ಪಾಠ ಶುರು ಮಾಡಿದರು. ಆಮೇಲೆ ಇಂಥ ಅಧ್ಯಯನ ಸಾಕಷ್ಟಾದವು. 2014ರಲ್ಲಿ ಅಮೆರಿಕಾದ ಒಂದು ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ 47 ಪ್ರಯೋಗಗಳನ್ನು, 3,500ಕ್ಕೂ ಹೆಚ್ಚು ಜನರ ಲೆಕ್ಕವನ್ನು ಒಟ್ಟುಗೂಡಿಸಿ ನೋಡಿದ ವರದಿ ಬಂತು. ಆತಂಕ, ಮನಸ್ಸಿನ ಕುಗ್ಗು, ನೋವು — ಈ ಮೂರಕ್ಕೆ ಮಧ್ಯಮ ಮಟ್ಟದ ಪುರಾವೆ ಸಿಕ್ಕಿತು. ನಿದ್ದೆ, ತೂಕ, ಚಟ ಬಿಡುವುದು ಇವಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ಔಷಧ, ವ್ಯಾಯಾಮಕ್ಕಿಂತ ಧ್ಯಾನ ಹೆಚ್ಚು ಅನ್ನೋದಕ್ಕೂ ಪುರಾವೆ ಇರಲಿಲ್ಲ.

ಇದನ್ನ ನಾನು ಹಿಂಗ ತಿಳಕೊಂಡೀನಿ: ಧ್ಯಾನ ಒಳ್ಳೆ ತಿಪ್ಪಿಗೊಬ್ಬರ ಇದ್ದಂಗ. ಹಾಕಿದ್ರ ಭೂಮಿ ಸುಧಾರಿಸ್ತದ, ನಿಧಾನಕ್ಕೆ. ಒಂದೇ ವಾರಕ್ಕ ಹಸರ ಮಾಡೋ ಯೂರಿಯಾ ಅಲ್ಲ, ಎಲ್ಲಾ ರೋಗಕ್ಕೂ ಎಣ್ಣಿ ಅಂತೂ ಅಲ್ಲೇ ಅಲ್ಲ.

ನಮ್ಮ ನೆಲದಾಗೇ ಇರೋ ಬಗಿಗಳು

ಧ್ಯಾನ ಅಂದ್ರ ಎಲ್ಲೋ ಹಿಮಾಲಯದ್ದು, ಇಲ್ಲಾ ಬೆಂಗಳೂರು ಆ್ಯಪಿನದ್ದು ಅನ್ನೋದು ಬಿಡ್ರಿ. ಹೆಚ್ಚಿನ ಬಗಿ ನಮ್ಮ ಕಲಬುರಗಿ ಸೀಮಿಯಾಗೇ ನೂರಾರು ವರ್ಷದಿಂದ ಅವ.

ಒಂದು, ಉಸಿರು ನೋಡೋದು. ಭೀಮಾ ದಂಡಿ ಮ್ಯಾಲಿನ ಸನ್ನತಿ, ಕನಗನಹಳ್ಳಿ ನಿಮಗ ಗೊತ್ತದ. 1990ರ ದಶಕದಲ್ಲಿ ಅಲ್ಲಿ ಅಗೆದಾಗ ದೊಡ್ಡ ಬೌದ್ಧ ಸ್ತೂಪ ಸಿಕ್ಕಿತು, ಅಶೋಕನ ಹೆಸರು ಕೆತ್ತಿದ ಅವನ ಮೂರ್ತಿ ಇರೋ ಶಿಲೆಯೂ ಸಿಕ್ಕಿತು. ಅಂದ್ರ ಎರಡು ಸಾವಿರ ವರ್ಷದ ಹಿಂದ ನಮ್ಮ ಹೊಳಿ ದಂಡಿಗೇ ಭಿಕ್ಕುಗಳು ಇದ್ರು. ಬಂದು ಹೋಗೋ ಉಸಿರನ್ನ ಬದಲಿಸದೆ ಬರೀ ಗಮನಿಸೋದು ಅವರ ಹಾದಿ. ಕಲಬುರಗಿಯ ಬುದ್ಧ ವಿಹಾರ 2009ರಲ್ಲಿ ಶುರುವಾಯಿತು, ಅಲ್ಲೂ ಧ್ಯಾನದ ಹಾಲ್ ಅದ. ಇದೇ ಹಾದಿಯ ವಿಪಸ್ಸನಾ ಶಿಬಿರಗಳನ್ನ ನಮ್ಮ ದೇಶದಾಗ ಹಬ್ಬಿಸಿದವರು ಸತ್ಯನಾರಾಯಣ ಗೋಯೆಂಕಾ. ಬರ್ಮಾದಲ್ಲಿ ಹುಟ್ಟಿದ ವ್ಯಾಪಾರಿ, ವಿಪರೀತ ತಲೆಶೂಲೆ. ಅದನ್ನು ಕಳೆದುಕೊಳ್ಳಲು ಊ ಬಾ ಖಿನ್ ಎಂಬ ಗುರುವಿನ ಬಳಿ ಹೋದರು. ಆ ಗುರುನೂ ಸನ್ಯಾಸಿ ಅಲ್ಲ, ಬರ್ಮಾ ಸರ್ಕಾರದ ಲೆಕ್ಕಪತ್ರ ಇಲಾಖೆಯ ದೊಡ್ಡ ಅಧಿಕಾರಿ. "ಬರೀ ತಲಿನೋವು ಹೋಗಲಿ ಅಂತ ಬರೋದಾದ್ರ ಬರಬೇಡ" ಅನ್ನೋ ಅರ್ಥದ ಮಾತು ಅವರು ಮೊದಲೇ ಹೇಳಿದರಂತೆ. ಗೋಯೆಂಕಾ 1969ರಿಂದ ಭಾರತದಲ್ಲಿ ಕಲಿಸಿದರು. ಮಹಾರಾಷ್ಟ್ರದ ಇಗತಪುರಿ ಅದರ ದೊಡ್ಡ ಕೇಂದ್ರ. ಹತ್ತು ದಿನ ಮೌನ, ಫೋನ್ ಇಲ್ಲ, ಫೀಸೂ ಇಲ್ಲ, ಮುಗಿದ ಮೇಲೆ ಕೊಟ್ಟ ದಾನದಲ್ಲೇ ನಡೆಯುತ್ತದೆ. ಹೊಸಬರು ಮೊದಲು ಮನಿಯಾಗ ಹತ್ತು ನಿಮಿಷ ಕುಂತು ರೂಢಿ ಮಾಡ್ಕೊಂಡು, ಬೇಸಿಗ್ಯಾಗ ಹೊಲ ಖಾಲಿ ಇದ್ದಾಗ ಹೋಗೋದು ಚೊಲೊ.

ಎರಡು, ದೃಷ್ಟಿ ನಿಲ್ಲಸೋದು. ನಮ್ಮ ಕಡೆ ಎಷ್ಟೋ ಮನಿಯಾಗ ಮುತ್ಯಾ, ಆಯಿ ಮುಂಜಾನಿ ಎಡಗೈಯಾಗ ಇಷ್ಟಲಿಂಗ ಹಿಡದು ನೋಡ್ತಾ ಕುಂದ್ರೋದು ಕಂಡೀರಿ. ಪೂಜಿ ಅಂತ ನಾವು ತಿಳೀತೀವಿ, ಅದು ಧ್ಯಾನವೂ ಹೌದು. ಕಣ್ಣು ಅರ್ಧ ತೆರದು, ಲಿಂಗದ ಕರೀ ಮೈ ಮ್ಯಾಲ ಬೀಳೋ ಬೆಳಕಿನ ಚುಕ್ಕಿ ಮ್ಯಾಲ ದೃಷ್ಟಿ. ಬಸವಕಲ್ಯಾಣದ ಶರಣರ ಕಾಲದಿಂದ ನಮ್ಮ ಭಾಗದ ಹಾದಿ ಇದು. ಕಣ್ಣು ಮುಚ್ಚಿದ್ರ ನಿದ್ದಿ ಬರೋರಿಗೆ, ಇಲ್ಲಾ ಕಣ್ಣು ಮುಚ್ಚಿದ ಕೂಡ್ಲೆ ಸಾಲಗಾರರ ಮುಖ ಕಾಣೋರಿಗೆ ಇದು ಅನುಕೂಲ. ಲಿಂಗ ಇಲ್ಲದವರು ದೀಪದ ಕುಡಿ ನೋಡಬಹುದು. ಕಣ್ಣು ಉರಿಯೋ ತನಕ ನೋಡಬ್ಯಾಡ್ರಿ, ಕಣ್ಣಿನ ಆಪರೇಷನ್ ಆದವರು ದೀಪದ್ದು ಬಿಡ್ರಿ.

ಮೂರು, ನಾಮ. ನಮ್ಮ ಆಳಂದ ತಾಲೂಕಿನ ಅಮರ್ಜಾ ನದಿ ಭೀಮಾಕ್ಕ ಕೂಡೋ ಗಾಣಗಾಪುರದಾಗ ದತ್ತನ ನಾಮಜಪ ನಡೀತದ. ಕೆಲವರ ಬಾಯಾಗ ಪಂಚಾಕ್ಷರಿ, ಕೆಲವರ ಬಾಯಾಗ ವಿಠ್ಠಲ. ಕಲಬುರಗಿಯಲ್ಲಿ 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇ ನವಾಜ್ ಚಿಶ್ತಿ ಪರಂಪರೆಯವರು, ಆ ಪರಂಪರೆಯಲ್ಲಿ ಜಿಕ್ರ್ ಅಂತ ದೇವರ ಹೆಸರು ನೆನೆಯುವ ಅಭ್ಯಾಸ ಅದ, ಗಟ್ಟಿಯಾಗಿ ಹೇಳೋದೂ ಉಂಟು, ಉಸಿರಿನ ಜೊತಿ ಮನಸಿನ್ಯಾಗೇ ಹೇಳೋದೂ ಉಂಟು. ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕ ಹೋಗೋರು ಕೈಯಾಗ ತಸಬಿ ಹಿಡದವರನ್ನ ನೋಡಿರ್ತೀರಿ. ಮಣಿ 108 ಇರಲಿ, 99 ಇರಲಿ, ಕೆಲಸ ಒಂದೇ: ನಾಲಿಗಿಗೆ ಒಂದು ಹೆಸರು ಕೊಟ್ಟು ತಲಿಯಾಗಿನ ಗದ್ದಲ ಇಳಸೋದು. ಓದು-ಬರಹ ಬ್ಯಾಡ, ಗುರು ಹುಡುಕೋದು ಬ್ಯಾಡ, ಬಸ್ಸಿನ್ಯಾಗ ನಿಂತೂ ಮಾಡಬಹುದು. ಹೊಸಬರಿಗೆ ಇದಕ್ಕಿಂತ ಸಲೀಸು ಬ್ಯಾರೆ ಇಲ್ಲ ಅಂತ ನನ್ನ ಅನಿಸಿಕಿ.

ನಾಕು, ನಡಿಯೋದು. ಆಷಾಢದಾಗ ಪಂಢರಾಪುರಕ್ಕ ದಿಂಡಿ ಜೊತಿ ನಡದು ಹೋಗೋರನ್ನ ಕೇಳ್ರಿ, ಎರಡನೇ ದಿನಕ್ಕ ತಲಿಯಾಗಿನ ಮಾತು ತಾನೇ ಕಮ್ಮಿ ಆಗ್ತದ ಅಂತಾರ. ಅಷ್ಟು ದೂರ ಬ್ಯಾಡ. ಮುಂಜಾನಿ ಹೊಲದ ಬದುವಿನ ಮ್ಯಾಲ ಒಂದು ಸುತ್ತು, ಫೋನ್ ಮನಿಯಾಗ ಬಿಟ್ಟು. ಕಾಲು ನೆಲಕ್ಕ ತಾಗೋದು, ಏಳೋದು, ಅಷ್ಟೇ ಗಮನ. ಕುಂದ್ರಲಿಕ್ಕೆ ಚಡಪಡಿಸೋ ಹುಡುಗರಿಗೆ ಇದು ಒಳ್ಳೇದು. ಬೆಳಿಯ ಪರೀಕ್ಷೆ ಬ್ಯಾರೆ ಸುತ್ತಿನ್ಯಾಗ ಮಾಡ್ರಿ, ಇಲ್ಲಂದ್ರ ಹಸರ ಕೀಡಿ ಕಂಡು ಧ್ಯಾನ ಅಲ್ಲಿಗೇ ಮುಗೀತದ.

ಐದು, ಮಕ್ಕೊಂಡು ಮೈ ಸಡಿಲ ಬಿಡೋದು. ಬಿಹಾರದ ಮುಂಗೇರಿನ ಯೋಗ ಶಾಲೆಯ ಸ್ವಾಮಿ ಸತ್ಯಾನಂದರು ಇದನ್ನ ಯೋಗನಿದ್ರಾ ಅಂತ ಹೆಸರು ಕೊಟ್ಟು ಹಬ್ಬಿಸಿದರು. ಅಂಗಾತ ಮಲಗಿ ಬೆರಳಿನಿಂದ ನೆತ್ತಿ ತನಕ ಒಂದೊಂದು ಭಾಗಕ್ಕ ಗಮನ ಕೊಟ್ಟು ಸಡಿಲ ಬಿಡ್ತಾ ಹೋಗೋದು. ರಾಶಿ ದಿನ ಸೊಂಟ ಬಿದ್ದು ಹೋದಾಗ, ಮೊಣಕಾಲು ನೋವಿನವರಿಗೆ ಇದು ಬೇಷ್. ನಡುವ ನಿದ್ದಿ ಹತ್ತಿದ್ರ ಹತ್ತಲಿ ಬಿಡ್ರಿ.

ಆರನೇದು ಒಂದು ಅದ, ಸಣ್ಣದು ಆದ್ರ ಗಟ್ಟಿ. ಬೌದ್ಧರು ಮೈತ್ರಿ ಅಂತಾರ. ಕಡೀಕ ಒಂದು ನಿಮಿಷ ಮೊದಲ ನಮಗ, ಆಮ್ಯಾಲ ಮನಿಯವರಿಗೆ, ಆಮ್ಯಾಲ ಯಾರ ಜೊತಿ ಜಗಳ ಅದನೋ ಅವರಿಗೆ ಒಳ್ಳೇದಾಗಲಿ ಅನ್ನೋದು. ಬದುವಿನ ಜಗಳ ಇರೋರಿಗೆ ಭಾಳ ತ್ರಾಸು ಆಗ್ತದ. ಹಲ್ಲು ಕಚ್ಚಿ ಹೇಳಿದ್ರೂ ನಡೀತದ.

ಹೆಂಗ ಶುರು ಮಾಡೋದು

ಎಲ್ಲಾ ಬಗಿ ಕೂಡಿಸಿ ಮಾಡಬ್ಯಾಡ್ರಿ. ಒಂದು ಆರಿಸಿಕೊಂಡು 40 ದಿನ ಅದನ್ನೇ ಹಿಡೀರಿ. ವಾರಕ್ಕೊಂದು ಜಾಗದಾಗ ಬೋರ್ ಕೊರದ್ರ ಎಲ್ಲೂ ನೀರು ಬೀಳಲ್ಲ.

ಹೊತ್ತು: ಎದ್ದು ಮುಖ ತೊಳದ ಮ್ಯಾಲ, ಫೋನ್ ಮುಟ್ಟೋದಕ್ಕೂ ಚಾ ಕುಡಿಯೋದಕ್ಕೂ ಮೊದಲು. ಮೊದಲ ವಾರ ಐದೇ ನಿಮಿಷ. ಆಮ್ಯಾಲ ಹತ್ತು. ಅದಕ್ಕೂ ಹೆಚ್ಚಿಗಿ ಆಸೆ ಬ್ಯಾಡ. ದಿನಾ ಹತ್ತು ನಿಮಿಷ ಮಾಡೋನು, ಅಮಾಸಿ-ಹುಣ್ಣಿಮಿಗೆ ಒಂದು ತಾಸು ಮಾಡೋನಿಗಿಂತ ಮುಂದ ಹೋಗ್ತಾನ.

ಜಾಗ: ನೆಲದ ಮ್ಯಾಲ ಕಂಬಳಿ ಹಾಕಿ, ಆಗದಿದ್ರ ಹೊರಸಿನ ದಂಡಿಗೆ, ಇಲ್ಲಾ ಕುರ್ಚಿ ಮ್ಯಾಲ. ಪದ್ಮಾಸನ ಬರಲೇಬೇಕು ಅಂತಿಲ್ಲ. ಬೆನ್ನು ನೆಟ್ಟಗ ಇರಲಿ, ಸೆಟದು ಕುಂದ್ರಬ್ಯಾಡ್ರಿ.

ಉಸಿರಿನ ಬಗಿ ಆರಿಸಿದ್ರ ಹಿಂಗ ಮಾಡ್ರಿ. ಮೂಗಿನಿಂದ ಉಸಿರು ತಗೋರಿ, ಬಿಡುವಾಗ ಮನಸಿನ್ಯಾಗ ಒಂದು ಅನ್ರಿ. ಮುಂದಿನದಕ್ಕ ಎರಡು. ಹತ್ತು ಮುಟ್ಟಿದ ಮ್ಯಾಲ ಮತ್ತ ಒಂದರಿಂದ. ನಡುವ ಲೆಕ್ಕ ತಪ್ಪಿದ್ರ, ಇಲ್ಲಾ ಹದಿನೇಳು-ಹದಿನೆಂಟು ಅಂತ ಹೋಗಿಬಿಟ್ರ ಸಿಟ್ಟಿಗೇಳಬ್ಯಾಡ್ರಿ, ಒಂದಕ್ಕ ವಾಪಸ್ ಬರ್ರಿ. ಉಸಿರು ಹಿಡಿಯೋದು, ಜೋರಾಗಿ ಹೊಟ್ಟಿ ಒಳಗ-ಹೊರಗ ಹೊಡಿಯೋದು ಹೊಸಬರಿಗೆ ಬ್ಯಾಡ. ಬಿಪಿ ಇದ್ದವರು, ಎದಿ ರೋಗದವರು, ಬಸುರಿ ಹೆಣ್ಮಕ್ಕಳು ಅಂಥ ಜೋರಿನ ಪ್ರಾಣಾಯಾಮ ಡಾಕ್ಟರ್ ಕೇಳದೆ ಮಾಡಲೇಬಾರದು.

ಮೊದಲ ಎರಡು ವಾರ ಏನೂ ಆಗಲಿಲ್ಲ ಅನಸ್ತದ. ಬೆಳಕು ಕಾಣಲಿಲ್ಲ, ಶಬ್ದ ಕೇಳಲಿಲ್ಲ ಅಂತ ಬಿಡಬ್ಯಾಡ್ರಿ, ಅವನ್ನ ಹುಡುಕೋದೂ ಬ್ಯಾಡ. ಫಲ ಕುಂತಲ್ಲಿ ಕಾಣಲ್ಲ, ಹೊರಗ ಕಾಣ್ತದ. ಗಂಜಿನ್ಯಾಗ ರೇಟು ಕೇಳಿ ಮೈ ಉರದಾಗ ಮೂರು ಉಸಿರು ಬಿಟ್ಟು, ಇನ್ನೊಂದು ಅಂಗಡಿ ಕೇಳಿ ಬರೋಣ ಅನಿಸಿದ್ರ, ಅದೇ ಫಲ. ಕೈ ಎತ್ತೋ ಮೊದಲು ಮಗನ ಮುಖ ಕಂಡ್ರ, ಅದೇ ಫಲ.

ಹೆಣ್ಮಕ್ಕಳ ಹತ್ತು ನಿಮಿಷ ಯಾರು ಕೊಡಬೇಕು?

ಧ್ಯಾನದ ಮಾತು ಆಡೋರು ಹೆಚ್ಚಾಗಿ ಗಂಡಸರು. ನಾವು ಮುಂಜಾನಿ ಕಣ್ಣು ಮುಚ್ಚಿ ಕುಂತಾಗ ಒಳಗ ರೊಟ್ಟಿ ಬಡಿಯೋ ಸಪ್ಪಳ ನಡದೇ ಇರ್ತದ. ನಾಕಕ್ಕ ಎದ್ದು ಕಸ, ನೀರು, ಹಿಂಡೋದು, ರೊಟ್ಟಿ, ಬುತ್ತಿ, ಆಮ್ಯಾಲ ಹೊಲದಾಗ ಕಳೆ. ಚಿಂತಿ ಅವರಿಗೂ ಅಷ್ಟೇ ಅದ, ಸಂಘದ ಸಾಲದ ಕಂತು ಅವರ ಹೆಸರಿಲೇ ಇರ್ತದ. ಅವರಿಗೆ ಯಾರೂ ಧ್ಯಾನ ಮಾಡು ಅನ್ನಲ್ಲ, ಅಂದ್ರೂ ಹೊತ್ತು ಕೊಡಲ್ಲ. ಗಂಡಸರು ಎಮ್ಮಿ ಹಿಂಡಿ, ಒಲಿಗೆ ನೀರಿಟ್ಟು ಅವರಿಗೆ ಹತ್ತು ನಿಮಿಷ ಬಿಟ್ಟುಕೊಡಲಿ. ಮನಿಯಾಗ ಒಬ್ಬರ ತಲಿ ತಣ್ಣಗಾಗಿ ಇನ್ನೊಬ್ಬರದು ಕುದೀತಿದ್ರ ಆ ಧ್ಯಾನದಿಂದ ಏನು ಸಿಕ್ಕಂಗಾತು?

ಮೂರು ಎಚ್ಚರಿಕಿ

ಮೊದಲನೇದು ರೊಕ್ಕದ್ದು. ಉಸಿರು ನೋಡ್ಲಿಕ್ಕೆ ಸಾವಿರಾರು ರೂಪಾಯಿ ಕೊಡು ಅನ್ನೋರ ಮುಂದ ಕೈ ಮುಗದು ಬಂದು ಬಿಡ್ರಿ. "ಗುಳಗಿ ಬಿಡು, ಧ್ಯಾನ ಸಾಕು" ಅನ್ನೋರಿಂದ ಇನ್ನೂ ದೂರ ಇರ್ರಿ. ಬಿಪಿ, ಶುಗರ್, ಫಿಟ್ಸ್ ಗುಳಗಿ ಡಾಕ್ಟರ್ ಹೇಳದೆ ಬಿಡಬಾರದು.

ಎರಡನೇದು ಮನಸಿನ ಕಾಯಿಲೆಯದು. ಕೆಲವರಿಗೆ ಸುಮ್ಮನ ಕುಂತಾಗ ಅಂಜಿಕಿ ಹೆಚ್ಚಾಗ್ತದ, ಹಳೇ ನೋವು ಮ್ಯಾಲ ಬರ್ತದ. ಅಂಥವರು ಕಣ್ಣು ತೆರದು ಎದ್ದು ನಡೀರಿ, ಜಗ್ಗಿ ಕುಂದ್ರಬ್ಯಾಡ್ರಿ. ವಾರಗಟ್ಟಲೆ ನಿದ್ದಿ ಇಲ್ಲ, ಊಟ ಸೇರಲ್ಲ, ಯಾರ ಜೊತಿನೂ ಮಾತು ಬ್ಯಾಡ, ಜೀವ ಬ್ಯಾಡ ಅನಸ್ತದ ಅಂದ್ರ ಅದು ಕಾಯಿಲೆ, ಅದಕ್ಕ ಡಾಕ್ಟರ್ ಅದಾರ. ಮನಸಿನ ಚಿಕಿತ್ಸೆಯನ್ನ ಹಳ್ಳಿ ದವಾಖಾನಿ ತನಕ ಒಯ್ಯೋ ಕೆಲಸ 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ನಿಮ್ಹಾನ್ಸ್ ಮಾಡಿ ತೋರಿಸಿತು, ಆಮೇಲೆ ಇಡೀ ದೇಶಕ್ಕೆ ಅದೇ ಮಾದರಿ ಆಯಿತು. 2022ರ ಅಕ್ಟೋಬರ್‌ನಿಂದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದ: 14416. ಪುಗಸಟ್ಟೆ, ಹಗಲು-ರಾತ್ರಿ, ಕನ್ನಡದಾಗೇ ಮಾತಾಡಬಹುದು. ನಂಬರ್ ಫೋನಿನ್ಯಾಗ ಹಾಕಿ ಇಡ್ರಿ. ನಿಮಗ ಬ್ಯಾಡಾದ್ರೂ ಬಾಜು ಹೊಲದವನಿಗೆ ಬೇಕಾದೀತು.

ಇದರ ಜೊತಿಗೇ ಒಂದು ಮಾತು. ಹೊಲಕ್ಕ ಹೊಡಿಯೋ ಎಣ್ಣಿ ಡಬ್ಬಿ ಮನಿಯೊಳಗ ಜಂತಿಗೆ, ಮೂಲಿಗೆ ಇಡಬ್ಯಾಡ್ರಿ. ಬೇಕಾದಷ್ಟೇ ತರ್ರಿ, ಪೆಟ್ಟಿಗಿಗೆ ಕೀಲಿ ಹಾಕಿ, ಕೀಲಿ ಇನ್ನೊಬ್ಬರ ಕೈಯಾಗ ಕೊಡ್ರಿ. ದುಡುಕಿನ ವಿಚಾರ ಭಾಳ ಸಲ ಸ್ವಲ್ಪ ಹೊತ್ತಿಗೆ ಇಳೀತದ. ಆ ಹೊತ್ತು ದಾಟಿಸೋದೇ ದೊಡ್ಡ ಕೆಲಸ. ದಿನಾ ಕುಂತು ರೂಢಿ ಮಾಡೋದೂ ಅದೇ ಹೊತ್ತಿನ ಸಲುವಾಗಿ, ಕೀಲಿ ಹಾಕೋದೂ ಅದೇ ಹೊತ್ತಿನ ಸಲುವಾಗಿ.

ಮೂರನೇದು, ನಮ್ಮ ಹಕ್ಕಿನದು. ನಾಳೆ ಯಾರಾದ್ರೂ ವೇದಿಕಿ ಮ್ಯಾಲ ನಿಂತು, "ರೈತರು ಧ್ಯಾನ ಮಾಡಲಿ, ಒತ್ತಡ ಕಮ್ಮಿ ಆಗ್ತದ" ಅಂತ ಹೇಳಿ ಬೆಳೆವಿಮೆ, ಪರಿಹಾರ, ಖರೀದಿ ಕೇಂದ್ರದ ಮಾತು ಮರೆತ್ರ, ಧ್ಯಾನ ಮಾಡಿದ ತಲಿಯಿಂದಲೇ ಎದ್ದು ನಿಂತು ಕೇಳ್ರಿ. ತಣ್ಣಗಿನ ತಲಿಯವನು ಅರ್ಜಿ ಸರಿ ಬರೀತಾನ, ಬೆಳಿ ಹಾಳಾದ ಫೋಟೊ ಹೊತ್ತಿಗೆ ಸರಿಯಾಗಿ ತಗೀತಾನ, ವಿಮಾ ಕಂಪನಿಗೆ 72 ತಾಸಿನೊಳಗ ತಿಳಸ್ತಾನ, ಕಚೇರಿಗೆ ಹತ್ತು ಸಲ ಅಡ್ಡಾಡಿದ್ರೂ ಮಾತು ಜಾರಲ್ಲ. ಸಮಾಧಾನ ಅಂದ್ರ ಸುಮ್ಮನ ಇರೋದು ಅಂತ ಯಾರೂ ನಮಗ ಕಲಸೋದು ಬ್ಯಾಡ.

ಡಿಸೆಂಬರ್ 21 ತಪ್ಪಿದ್ರ ತಪ್ಪಲಿ. ನಮಗ ನಮ್ಮ ಎಳ್ಳ ಅಮಾಸಿ ಅದ. ಹೊಲಕ್ಕ ಹೋಗಿ ಚರಗ ಚೆಲ್ಲಿ, ಬಜ್ಜಿ-ಕಡಬು ಊಟ ಆದ ಮ್ಯಾಲ, ಗಿಡದ ನೆಳ್ಳಿಗೆ ಎಲ್ಲಾರೂ ಕೂಡಿ ಹತ್ತು ನಿಮಿಷ ಮಾತಿಲ್ಲದೆ ಕುಂದ್ರಿ. ಹುಡುಗರು ನಗ್ತಾವ, ನಗಲಿ. ಮರುದಿನದಿಂದ ಮನಿಯಾಗ ಐದು ನಿಮಿಷ. 40 ದಿನ ಆದ ಮ್ಯಾಲ ಏನು ಬದಲಾತು, ಏನು ಬದಲಾಗಲಿಲ್ಲ, ಎರಡೂ ಹೇಳ್ರಿ. ಆಗಲಿಲ್ಲ ಅನ್ನೋರ ಮಾತೂ ಬೇಕು, ಅದ್ರಿಂದಲೂ ನಾಕು ಮಂದಿಗೆ ಉಪಯೋಗ ಆಗ್ತದ.